ಯುದ್ಧ ಯಾರ ಮೇಲೆ?

ಆಫೀಸಿನ ಗೆಳತಿಯೊಬ್ಬಳು ಊಟದ ಹೊತ್ತಿನಲ್ಲಿ ಕೇಳಿದ ಪ್ರಶ್ನೆಯಿಂದಲೇ ಈ ವಾರದ ಅಂಕಣ ಶುರು ಮಾಡ್ತೀನಿ. ಅವಳ ಪಿಜಿ ಎದುರಿನ ಗೋಡೆಗೆ ಒಂದು ಪೋಸ್ಟರ್ ಅಂಟಿಸಿದ್ದರಂತೆ. ಮೂರು ದಿನಗಳ ಉಪವಾಸ ಪ್ರಾರ್ಥನೆ, ವಿಷಯ: ಆತ್ಮಿಕ ಯುದ್ಧ. ಪಕ್ಕದಲ್ಲಿ ಕತ್ತಿ, ಗುರಾಣಿ ಹಿಡಿದ ರೋಮನ್ ಸೈನಿಕನ ಚಿತ್ರ. “ಬೇಜಾರು ಮಾಡ್ಕೋಬೇಡ ಕಣೇ, ಒಂದು ಮಾತು ಕೇಳ್ತೀನಿ. ನೀವು ಪ್ರಾರ್ಥನೆಯಲ್ಲಿ ಯುದ್ಧ ಮಾಡೋದು ಯಾರ ಮೇಲೆ? ನಮ್ಮ ಮೇಲಾ?” ಅಂದಳು.

ನಗುತ್ತಲೇ ಕೇಳಿದಳು. ಆದರೂ ಅದು ನಕ್ಕು ತೇಲಿಸುವಂಥ ಪ್ರಶ್ನೆ ಅಲ್ಲ. ಧಾರವಾಡದ ಕ್ರೈಸ್ತ ಮನೆಯಲ್ಲಿ ಬೆಳೆದ ನನಗೆ ‘ಆತ್ಮಿಕ ಯುದ್ಧ’, ‘ಮಧ್ಯಸ್ಥಿಕೆಯ ಪ್ರಾರ್ಥನೆ’ ಎಂಬ ಮಾತುಗಳು ದಿನಾ ಕಿವಿಗೆ ಬೀಳುವಂಥವು. ಹೊರಗೆ ನಿಂತು ಕೇಳಿದವರಿಗೆ ಅವು ಬೆದರಿಕೆಯ ಹಾಗೆ ಕೇಳಿಸಿದರೆ ತಪ್ಪು ಅವರದ್ದಲ್ಲ. ಒಳಗಿರುವ ನಮ್ಮಲ್ಲೇ ಎಷ್ಟೋ ಜನ ಈ ಮಾತನ್ನು ಮನಸ್ಸಿಗೆ ಬಂದ ಹಾಗೆ ಬಳಸ್ತೀವಿ. ಬಾಸ್ ಬೈದರೆ ಸೈತಾನನ ಕಾಟ, ಗಾಡಿ ಪಂಕ್ಚರ್ ಆದರೂ ಸೈತಾನನ ಕಾಟ! ಹಾಗಾಗಿ ಇವತ್ತು ಇದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಸೆರೆಯಿಂದ ಬಂದ ಪತ್ರ

ಪೋಸ್ಟರಿನ ಸೈನಿಕ ಬಂದಿರೋದು ಬೈಬಲಿನ ಎಫೆಸದವರಿಗೆ ಬರೆದ ಪತ್ರದ 6ನೇ ಅಧ್ಯಾಯದಿಂದ. ಸೊಂಟಕ್ಕೆ ಸತ್ಯದ ನಡುಕಟ್ಟು, ಎದೆಗೆ ನೀತಿಯ ಕವಚ, ಕೈಗೆ ನಂಬಿಕೆಯ ಗುರಾಣಿ, ತಲೆಗೆ ರಕ್ಷಣೆಯ ಶಿರಸ್ತ್ರಾಣ, ದೇವರ ವಾಕ್ಯವೇ ಕತ್ತಿ. ಸಂಡೇ ಸ್ಕೂಲಿಗೆ ಹೋದ ಪ್ರತಿ ಮಗುವೂ ಇದನ್ನೆಲ್ಲ ಒಮ್ಮೆಯಾದರೂ ರಟ್ಟಿನಲ್ಲಿ ಕತ್ತರಿಸಿ, ಬೆಳ್ಳಿ ಕಾಗದ ಅಂಟಿಸಿ, ವೇದಿಕೆ ಹತ್ತಿರುತ್ತೆ. ಕತ್ತಿ ಯಾರಿಗೆ ಅನ್ನೋದಕ್ಕೆ ಜಗಳ ಆಗಿರುತ್ತೆ.

ಆದರೆ ಸೈನಿಕನ ಕಾಲಿಗೆ ಏನಿದೆ ಅಂತ ಕೇಳಿ ನೋಡಿ, ಸುಮಾರು ಜನಕ್ಕೆ ನೆನಪಿರಲ್ಲ. ಅಲ್ಲಿರೋದು ಸಮಾಧಾನದ ಶುಭವಾರ್ತೆ. ಅಂದರೆ ಈ ಸೈನಿಕ ಯುದ್ಧಕ್ಕೆ ಹೊರಟಿರೋದೇ ಶಾಂತಿಯ ಮೆಟ್ಟು ಮೆಟ್ಟಿಕೊಂಡು!

ಇನ್ನೊಂದು ವಿಷಯ ಗಮನಿಸಿ. ಪತ್ರ ಬರೆದ ಪೌಲ ಆಗ ಸೆರೆಯಲ್ಲಿದ್ದ. ತಾನು ಸಂಕೋಲೆಯಲ್ಲಿರುವ ರಾಯಭಾರಿ ಅಂತ ಅದೇ ಅಧ್ಯಾಯದಲ್ಲಿ ಹೇಳ್ಕೊಳ್ತಾನೆ. ಸೈನಿಕರನ್ನು ‘ಶತ್ರು’ ಅನ್ನೋದಕ್ಕೆ ಅವನಿಗೆ ಎಲ್ಲ ಕಾರಣವೂ ಇತ್ತು. ಅವನು ಮಾಡಿದ್ದೇನು? ಸೈನಿಕನ ವೇಷವನ್ನೇ ಉದಾಹರಣೆಗೆ ತಗೊಂಡ. ಅದಕ್ಕೂ ಮೊದಲು ಒಂದು ಮಾತು ಖಡಾಖಂಡಿತವಾಗಿ ಹೇಳಿಬಿಟ್ಟ: ನಮ್ಮ ಕುಸ್ತಿ ರಕ್ತ–ಮಾಂಸದ ಮನುಷ್ಯರ ಜೊತೆಗಲ್ಲ, ಕಣ್ಣಿಗೆ ಕಾಣದ ಕತ್ತಲೆಯ ಶಕ್ತಿಗಳ ಜೊತೆ. ಆಯುಧಗಳ ಪಟ್ಟಿ ಮುಗಿಸಿದ ಮೇಲೆ, ಎಲ್ಲರಿಗೋಸ್ಕರ ಪ್ರಾರ್ಥನೆ ಮಾಡ್ತಾ ಇರಿ, ನನಗೋಸ್ಕರವೂ ಮಾಡಿ ಅಂತ ಕೇಳ್ಕೊಂಡ. ಅಲ್ಲೂ ಬೇಡಿ ಬಿಚ್ಚಲಿ ಅಂತ ಕೇಳಲಿಲ್ಲ, ಧೈರ್ಯವಾಗಿ ಮಾತಾಡೋ ಶಕ್ತಿ ಸಿಗಲಿ ಅಂದ.

ಆತ್ಮಿಕ ಯುದ್ಧದ ಮೊದಲ ನಿಯಮ ಇಲ್ಲೇ ಇದೆ. ಶತ್ರುವಿನ ಜಾಗದಲ್ಲಿ ಮನುಷ್ಯರ ಹೆಸರು ಬರೆಯೋ ಹಾಗಿಲ್ಲ. ಆಫೀಸಿನವರದ್ದಾಗಲಿ, ಅತ್ತೆಯದ್ದಾಗಲಿ, ಪಕ್ಕದ ಮನೆಯವರದ್ದಾಗಲಿ, ಬೇರೆ ಧರ್ಮದವರದ್ದಾಗಲಿ. ಬರೆದ ಕ್ಷಣ ಅದು ಬೇರೇನೋ ಜಗಳ ಆಗಿರುತ್ತೆ, ಪೌಲ ಹೇಳಿದ ಹೋರಾಟ ಆಗಿರಲ್ಲ.

ನಡುವೆ ನಿಲ್ಲುವವರು

ಹಾಗಾದರೆ ಮನುಷ್ಯರ ಹೆಸರು ಎಲ್ಲಿಗೆ ಹೋಗಬೇಕು? ಮಧ್ಯಸ್ಥಿಕೆಯ ಪ್ರಾರ್ಥನೆಗೆ.

ಮಧ್ಯಸ್ಥಿಕೆ ಅಂದರೆ ನಮಗೆ ಗೊತ್ತಿರುವ ಮಾತೇ. ಊರಲ್ಲಿ ಅಣ್ಣ–ತಮ್ಮಂದಿರು ಹೊಲದ ಬದುವಿಗೆ ಜಗಳ ಆಡಿದಾಗ ಒಬ್ಬ ಹಿರಿಯರು ನಡುವೆ ಕೂತು, ಇವನ ಮಾತು ಅವನಿಗೆ ದಾಟಿಸಿ, ಅವನ ಸಿಟ್ಟು ಇಳಿಸ್ತಾರಲ್ಲ, ಹಾಗೆ. ಪ್ರಾರ್ಥನೆಯಲ್ಲಿ ಒಬ್ಬರು ಇನ್ನೊಬ್ಬರ ಪರವಾಗಿ ದೇವರ ಮುಂದೆ ನಿಂತು ಮಾತಾಡ್ತಾರೆ. ನನಗೆ ಕೆಲಸ ಕೊಡು, ನನಗೆ ಮನೆ ಕೊಡು ಅನ್ನೋದು ಬೇಡಿಕೆ. ಅವನನ್ನು ಕಾಪಾಡು, ಅವಳನ್ನು ಬಿಡಬೇಡ ಅನ್ನೋದು ಮಧ್ಯಸ್ಥಿಕೆ.

ಬೈಬಲಿನಲ್ಲಿ ಇದರ ಹಳೆಯ ಚಿತ್ರ ಅಬ್ರಹಾಮನದ್ದು, ಆದಿಕಾಂಡದ 18ನೇ ಅಧ್ಯಾಯ. ಸೊದೋಮ್ ಪಟ್ಟಣದ ಪಾಪ ಮಿತಿ ಮೀರಿದೆ, ಅದಕ್ಕೆ ನಾಶ ಕಾದಿದೆ ಅಂತ ತಿಳಿದಾಗ ಅಬ್ರಹಾಮ ದೇವರ ಜೊತೆ ಚೌಕಾಸಿಗೆ ಇಳೀತಾನೆ. ಅಲ್ಲಿ 50 ಜನ ಒಳ್ಳೆಯವರಿದ್ದರೆ ಊರನ್ನು ಉಳಿಸ್ತೀಯಾ? 45 ಇದ್ದರೆ? 40? 30? 20? ಕಡೆಗೆ 10ಕ್ಕೆ ಬಂದು ನಿಲ್ಲಿಸ್ತಾನೆ. ಧಾರವಾಡದ ಸಂತೆಯಲ್ಲಿ ನಮ್ಮ ಅವ್ವ ಬದನೆಕಾಯಿಗೆ ಚೌಕಾಸಿ ಮಾಡೋದನ್ನು ನೋಡಿದ ನನಗೆ ಈ ಅಧ್ಯಾಯ ಬಹಳ ಹತ್ತಿರ. ಗಮನಿಸಿ, ಸೊದೋಮ್ ಅವನ ಊರಲ್ಲ. ಅಣ್ಣತಮ್ಮನ ಮಗ ಲೋಟ ಅಲ್ಲಿದ್ದ ನಿಜ, ಆದರೆ ಅಬ್ರಹಾಮ ಅವನೊಬ್ಬನನ್ನು ಉಳಿಸು ಅಂತ ಕೇಳಲಿಲ್ಲ. ಇಡೀ ಊರಿಗಾಗಿ ಕೇಳಿದ. ‘ಮಾಡಿದ್ದುಣ್ಣಲಿ’ ಅಂತ ಕೈ ತೊಳೆದುಕೊಳ್ಳಲಿಲ್ಲ.

ಇದಕ್ಕೆ ವಿರುದ್ಧವಾದ ಚಿತ್ರ ಲೂಕನ ಸುವಾರ್ತೆಯ 9ನೇ ಅಧ್ಯಾಯದಲ್ಲಿದೆ. ಸಮಾರ್ಯದ ಒಂದು ಹಳ್ಳಿಯವರು ಯೇಸುವನ್ನು ಊರೊಳಗೆ ಬಿಟ್ಟುಕೊಳ್ಳಲಿಲ್ಲ. ಶಿಷ್ಯರಾದ ಯಾಕೋಬ, ಯೋಹಾನರಿಗೆ ಎಲ್ಲಿಲ್ಲದ ಸಿಟ್ಟು. ಆಕಾಶದಿಂದ ಬೆಂಕಿ ಕರೆದು ಊರು ಸುಟ್ಟುಬಿಡೋಣವಾ ಅಂತ ಕೇಳಿದರು. ಯೇಸು ತಿರುಗಿ ಇಬ್ಬರನ್ನೂ ಗದರಿಸಿದ. ಬೇರೆ ಊರಿಗೆ ಹೋದರು, ಅಷ್ಟೇ.

ಕಥೆ ಅಲ್ಲಿಗೆ ಮುಗಿಯಲ್ಲ. ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯ ತೆಗೆದರೆ ಅದೇ ಯೋಹಾನ, ಪೇತ್ರನ ಜೊತೆ ಅದೇ ಸಮಾರ್ಯ ಸೀಮೆಗೆ ಹೋಗ್ತಾನೆ. ಯಾಕೆ ಗೊತ್ತಾ? ಅಲ್ಲಿನ ಜನಕ್ಕೋಸ್ಕರ ಪ್ರಾರ್ಥನೆ ಮಾಡೋದಕ್ಕೆ! ಅವರ ಮೇಲೆ ಬೆಂಕಿ ಬೀಳಲಿ ಅಂದಿದ್ದವನು ಅವರಿಗೆ ಪವಿತ್ರಾತ್ಮ ಸಿಗಲಿ ಅಂತ ಬೇಡ್ಕೊಳ್ತಾನೆ. ನನಗೆ ಕೇಳಿದರೆ ಆತ್ಮಿಕ ಯುದ್ಧದಲ್ಲಿ ಗೆಲುವು ಅಂದರೆ ಇದೇ. ಸಮಾರ್ಯದವರ ವಿಷಯ ಹಾಗಿರಲಿ, ಮೊದಲು ಸೋತಿದ್ದು ಯೋಹಾನನೊಳಗಿದ್ದ ದ್ವೇಷ.

ಅವ್ವನ ನೋಟ್‌ಬುಕ್ಕು

ಪುಸ್ತಕದ ಮಾತು ಸಾಕು, ಮನೆಯ ಮಾತಿಗೆ ಬರ್ತೀನಿ. ನನ್ನ ತಮ್ಮ ಕುಡೀತಾನೆ. ಇದನ್ನು ಬರೆಯೋದಕ್ಕೆ ಅವನನ್ನು ಕೇಳಿಯೇ ಬರೀತಿದ್ದೀನಿ. ಓದು ಚೆನ್ನಾಗಿತ್ತು, ಕೆಲಸ ಸಿಕ್ಕಿತ್ತು, ಹೋಯಿತು, ಮತ್ತೆ ಸಿಕ್ಕಿತು, ಮತ್ತೆ ಹೋಯಿತು. ಈ ಎಂಟು ವರ್ಷ ಅವ್ವ ದಿನಾ ಬೆಳಿಗ್ಗೆ ಐದಕ್ಕೆ ಎದ್ದು, ಒಲೆ ಹಚ್ಚೋ ಮುಂಚೆ ಮಂಡಿಯೂರಿ ಪ್ರಾರ್ಥನೆ ಮಾಡ್ತಾಳೆ. ಪಕ್ಕದಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ಕು. ತುಂಬ ಹೆಸರುಗಳು. ತಮ್ಮನ ಹೆಸರು ಮೊದಲನೆಯದು.

ಒಂದು ಸಲ ಬೇರೆ ಊರಿಂದ ಬಂದಿದ್ದ ಬೋಧಕರೊಬ್ಬರು ಮನೆಗೆ ಬಂದರು. ತಮ್ಮ ಆಗಷ್ಟೇ ಆಸ್ಪತ್ರೆಯಿಂದ ಬಂದು ಮಾತ್ರೆ ತಗೊಳ್ತಿದ್ದ. ಅವರು ಅವನ ತಲೆ ಮೇಲೆ ಕೈ ಇಟ್ಟು, “ಇದು ಕುಡಿತದ ದುರಾತ್ಮ. ಮಾತ್ರೆ ನಂಬಿಕೊಂಡು ಕೂತರೆ ಬಿಡುಗಡೆ ಆಗಲ್ಲಮ್ಮ, ಇವತ್ತೇ ನಿಲ್ಲಿಸಿ” ಅಂದರು. ಅವ್ವ ಚಹಾ ಲೋಟ ಮುಂದಿಟ್ಟು ಮೆಲ್ಲಗೆ ಹೇಳಿದಳು: “ಚಾ ಕುಡೀರಿ ಅಣ್ಣಾರ. ಮಾತ್ರಿ ಮಾತ್ರ ನಿಲ್ಲಸೂದಿಲ್ರಿ. ಲೂಕನೂ ಡಾಕ್ಟರ್ ಇದ್ದಾ, ಅವನ ಕಡಿಂದನ ದೇವರು ಸುವಾರ್ತಿ ಬರಿಸ್ಯಾನ. ನೀವು ಪ್ರಾರ್ಥನಿ ಮಾಡ್ರಿ, ಡಾಕ್ಟರ್ ಔಷಧ ಕೊಡ್ಲಿ. ಎರಡೂ ಅವನವೇ ಅಲ್ಲೇನ್ರಿ?”

ಲೂಕ ವೈದ್ಯ ಅನ್ನೋದು ಅವ್ವ ಕಟ್ಟಿದ ಮಾತಲ್ಲ, ಕೊಲೊಸ್ಸೆಯವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲೇ ಇದೆ. ಅವ್ವ ಓದಿದ್ದು ಏಳನೇ ಕ್ಲಾಸು. ಅವಳ ಈ ಒಂದು ಮಾತು ತಮ್ಮನ ಜೀವ ಉಳಿಸಿದೆ ಅಂತಲೇ ನಾನು ನಂಬಿದ್ದೀನಿ. ಬಹಳ ಕಾಲ ವಿಪರೀತ ಕುಡಿದವರು ವೈದ್ಯರ ನಿಗಾ ಇಲ್ಲದೆ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಪ್ರಾಣಕ್ಕೇ ಕುತ್ತಾಗಬಹುದು. ಪ್ರಾರ್ಥನೆಯ ಕೋಣೆಯಲ್ಲಿ ಕೂಡಿ ಹಾಕಿ ‘ಬಿಡಿಸ್ತೀವಿ’ ಅನ್ನೋರಿಗೆ ಇದು ಗೊತ್ತಿರಬೇಕು. ಖಿನ್ನತೆ, ಮೂರ್ಛೆರೋಗ, ಹೆರಿಗೆಯ ನಂತರದ ಮಂಕು, ಇವಕ್ಕೂ ಹಾಗೇ. ನಿಮ್ಮ ಮನೆಯಲ್ಲಿ ಇಂಥ ಕಷ್ಟ ಇದ್ದು ಯಾರನ್ನು ಕೇಳೋದು ಅಂತ ತೋಚದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡಬಹುದು. ಆ ನಂಬರ್ ಒತ್ತೋದು ನಂಬಿಕೆಯ ಕೊರತೆ ಖಂಡಿತ ಅಲ್ಲ.

ಬುಧವಾರ ರಾತ್ರಿ ಹತ್ತು ಗಂಟೆ

ನಾವು ಏಳು ಜನ ಬುಧವಾರ ರಾತ್ರಿ ಹತ್ತಕ್ಕೆ ಫೋನಿನಲ್ಲೇ ಕಾನ್ಫರೆನ್ಸ್ ಹಾಕಿ ಪ್ರಾರ್ಥನೆ ಮಾಡ್ತೀವಿ. ಒಬ್ಬೊಬ್ಬರು ಒಂದೊಂದು ಕಡೆ. ಒಬ್ಬರು ಕ್ಯಾಬಲ್ಲಿ, ಒಬ್ಬರು ಮಗು ಮಲಗಿಸ್ತಾ. ಗುಂಪಿಗೆ ಹಿರಿಯರು ಕೆಜಿಎಫ್‌ನ ಒಬ್ಬ ಆಂಟಿ, ನಿವೃತ್ತ ನರ್ಸ್.

ಒಂದು ಬುಧವಾರ ನಮ್ಮಲ್ಲೊಬ್ಬ ಹುಡುಗಿ ಅಳುತ್ತಾ ಹೇಳಿದಳು. ಮ್ಯಾನೇಜರ್ ಎಲ್ಲರ ಮುಂದೆ ಅವಮಾನ ಮಾಡ್ತಾನೆ, ರಜೆ ಕೊಡಲ್ಲ, ರಾತ್ರಿ ಹನ್ನೊಂದಕ್ಕೆ ಮೆಸೇಜು. “ಆಂಟಿ, ಅವನೊಳಗೆ ಸೈತಾನ ಹೊಕ್ಕಿದ್ದಾನೆ. ಅವನು ಆ ಕೆಲಸದಿಂದ ಬೀಳಲಿ ಅಂತ ಪ್ರಾರ್ಥನೆ ಮಾಡಿ.”

ಆಂಟಿ ಕೇಳಿದ್ದು ಒಂದೇ. “ಅವನ ಹೆಸರೇನಮ್ಮ? ಮನೇಲಿ ಯಾರ್ಯಾರಿದಾರೆ?”

ಹೆಸರು ಗೊತ್ತಿತ್ತು. ಮನೆಯಲ್ಲಿ ಯಾರಿದ್ದಾರೆ ಅನ್ನೋದು ಗೊತ್ತಿರಲಿಲ್ಲ. ಎರಡು ವರ್ಷ ಒಂದೇ ತಂಡದಲ್ಲಿ ಕೆಲಸ ಮಾಡಿದ್ದರೂ! ಆಂಟಿ ಎರಡು ಪ್ರಾರ್ಥನೆ ಮಾಡಿದರು. ಮೊದಲನೆಯದು ಹುಡುಗಿಗಾಗಿ: ಅವಳಿಗೆ ನಿದ್ದೆ ಬರಲಿ, ಧೈರ್ಯ ಬರಲಿ, ಇವಳ ಮಾತು ಕೇಳೋರು ಸಿಗಲಿ. ಎರಡನೆಯದು ಅವನಿಗಾಗಿ, ಹೆಸರು ಹಿಡಿದು: ಅವನನ್ನು ಹೀಗೆ ಓಡಿಸ್ತಿರೋ ಭಯ ಯಾವುದೋ ನಿನಗೇ ಗೊತ್ತು ಸ್ವಾಮಿ, ಅದರಿಂದ ಅವನನ್ನು ಬಿಡಿಸು.

ಕಡೆಗೆ ಹುಡುಗಿಗೆ ಹೇಳಿದರು: “ನಾಳೆ ಎಲ್ಲ ಮೆಸೇಜು ಸ್ಕ್ರೀನ್‌ಶಾಟ್ ತಗೊಂಡು ಎಚ್‌ಆರ್‌ಗೆ ಕಂಪ್ಲೇಂಟ್ ಕೊಡಮ್ಮ. ಅವನಿಗೋಸ್ಕರ ಪ್ರಾರ್ಥನೆ ಮಾಡಿದ್ದೀವಿ ಅಂದ್ರೆ ಅವನು ಮಾಡಿದ್ದು ಸರಿ ಅಂತಲ್ಲ.”

ಅವಳು ಕಂಪ್ಲೇಂಟ್ ಕೊಟ್ಟಳು. ಮ್ಯಾನೇಜರ್ ರಾತ್ರೋರಾತ್ರಿ ದೇವತಾ ಮನುಷ್ಯ ಆಗಲಿಲ್ಲ. ಮೂರು ತಿಂಗಳ ಮೇಲೆ ಅವಳನ್ನು ಬೇರೆ ತಂಡಕ್ಕೆ ಹಾಕಿದರು. ಅಷ್ಟೇ ನಡೆದದ್ದು. ಆದರೆ ಕಂಪ್ಲೇಂಟ್ ಬರೆಯುವಾಗ ತನ್ನ ಕೈ ನಡುಗಲಿಲ್ಲ ಅಂತ ಅವಳು ಆಮೇಲೆ ಹೇಳಿದಳು. ಸೇಡು ತೀರಿಸಿಕೊಳ್ಳೋ ಉರಿ ಇಲ್ಲದೆ, ನಡೆದದ್ದನ್ನು ನಡೆದ ಹಾಗೆ ಬರೆಯೋಕೆ ಆಯ್ತಂತೆ. ಸತ್ಯವನ್ನು ಸೊಂಟಕ್ಕೆ ಕಟ್ಟಿಕೊಳ್ಳೋದು ಅಂದರೆ ಹೀಗೇ ಇರಬೇಕು ಅಂತ ನನಗನ್ನಿಸಿತು.

ನಕ್ಷೆ ಹಾಕಿದ ಯುದ್ಧ

ಈಗ ಸ್ವಲ್ಪ ಕಹಿ ಮಾತು. ಪೋಸ್ಟರಿನಲ್ಲಿ ಕಾಣೋ ಯುದ್ಧದ ಭಾಷೆಗೆ ಹತ್ತಿರದ ಒಂದು ಚರಿತ್ರೆಯೂ ಇದೆ. ಅಮೆರಿಕದ ಫುಲ್ಲರ್ ಸೆಮಿನರಿಯಲ್ಲಿ ಪಾಠ ಮಾಡ್ತಿದ್ದ ಸಿ. ಪೀಟರ್ ವ್ಯಾಗ್ನರ್ ಮತ್ತವರ ಜೊತೆಗಾರರು 1990ರ ದಶಕದಲ್ಲಿ ಒಂದು ವಿಚಾರವನ್ನು ಬಹಳ ಪ್ರಚಾರ ಮಾಡಿದರು. ಒಂದೊಂದು ಊರು, ದೇಶದ ಮೇಲೂ ಒಂದೊಂದು ದುಷ್ಟ ಆತ್ಮದ ಅಧಿಕಾರ ಇರುತ್ತೆ. ಅದನ್ನು ಪತ್ತೆ ಮಾಡಿ, ಊರಿನ ‘ಆತ್ಮಿಕ ನಕ್ಷೆ’ ಬರೆದು, ಪ್ರಾರ್ಥನೆಯಿಂದ ಅದನ್ನು ಕಟ್ಟಿಹಾಕಬೇಕು ಅನ್ನೋದು ಅದರ ತಿರುಳು. ಆಧಾರಕ್ಕೆ ಅವರು ತೋರಿಸೋದು ದಾನಿಯೇಲನ ಗ್ರಂಥದ 10ನೇ ಅಧ್ಯಾಯ. ಅಲ್ಲಿ ದಾನಿಯೇಲ ಮೂರು ವಾರ ಉಪವಾಸ ಪ್ರಾರ್ಥನೆ ಮಾಡ್ತಾನೆ, ಅವನಿಗೆ ಉತ್ತರ ತರ್ತಿದ್ದ ದೂತನನ್ನು ಪಾರಸಿಯ ರಾಜ್ಯದ ಅಧಿಪತಿ 21 ದಿನ ತಡೆದಿದ್ದ ಅನ್ನೋ ಮಾತಿದೆ.

ಆ ಅಧ್ಯಾಯ ನಿಧಾನವಾಗಿ ಓದಿ ನೋಡಿ. ಮೇಲೆ ಅಂಥ ಹೋರಾಟ ನಡೀತಿದೆ ಅನ್ನೋದು ದಾನಿಯೇಲನಿಗೆ ಗೊತ್ತೇ ಇರಲಿಲ್ಲ. ಅವನು ಯಾವ ಆತ್ಮದ ಹೆಸರನ್ನೂ ಹುಡುಕಲಿಲ್ಲ, ಯಾರನ್ನೂ ಕಟ್ಟಿಹಾಕಲಿಲ್ಲ. ರುಚಿಯಾದದ್ದು ತಿನ್ನದೆ, ದುಃಖದಿಂದ ದೇವರ ಮುಂದೆ ಕೂತಿದ್ದ. ಹಿಂದಿನ ಅಧ್ಯಾಯದಲ್ಲಂತೂ ‘ಅವರು ಕೆಟ್ಟವರು’ ಅನ್ನದೆ ‘ನಾವು ತಪ್ಪು ಮಾಡಿದ್ದೀವಿ’ ಅಂತ ತನ್ನ ಜನರ ಪರವಾಗಿ ಬೇಡ್ತಾನೆ.

ಈ ನಕ್ಷೆಯ ವಿಚಾರಕ್ಕೆ ಹೊರಗಿನವರಿಗಿಂತ ಮೊದಲು ಒಳಗಿನವರೇ ಎಚ್ಚರಿಕೆ ಹೇಳಿದ್ದಾರೆ. ಜಗತ್ತಿನಾದ್ಯಂತ ಇವ್ಯಾಂಜೆಲಿಕಲ್ ಕ್ರೈಸ್ತರನ್ನು ಒಟ್ಟುಗೂಡಿಸುವ ಲೊಸಾನ್ ಚಳವಳಿ ಅಂತಿದೆ, 1974ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ಸಮ್ಮೇಳನದಿಂದ ಹುಟ್ಟಿದ್ದು. ಅದರ ಮಧ್ಯಸ್ಥಿಕೆ ಪ್ರಾರ್ಥನೆಯ ಕಾರ್ಯತಂಡ 1993ರಲ್ಲಿ ಲಂಡನ್‌ನಲ್ಲಿ ಸೇರಿ ಒಂದು ಹೇಳಿಕೆ ಕೊಟ್ಟಿತು. ದುಷ್ಟಶಕ್ತಿ ಇಲ್ಲ ಅಂತ ಅವರು ಹೇಳಲಿಲ್ಲ. ಆದರೆ ಎಲ್ಲ ಹೊಣೆಯನ್ನೂ ದೆವ್ವದ ತಲೆಗೆ ಕಟ್ಟಿ ಮನುಷ್ಯ ತನ್ನ ಪಾಪದಿಂದ ನುಣುಚಿಕೊಳ್ಳಬಾರದು ಅಂದರು. ಸೈತಾನನ ಬಗ್ಗೆಯೇ ಯೋಚಿಸ್ತಾ ಯೋಚಿಸ್ತಾ ಕ್ರಿಸ್ತನನ್ನು ಮರೆಯೋ ಅಪಾಯ ಇದೆ ಅಂದರು. ಸೈನ್ಯದ ಭಾಷೆ ಬಳಸಿ ಬಳಸಿ ಮನುಷ್ಯರನ್ನೇ ಎದುರಾಳಿಗಳ ಹಾಗೆ ಕಾಣೋ ಮನಸ್ಸು ಬೆಳೆಯಬಹುದು, ಬೇರೆ ಧರ್ಮದವರಿಗೆ ಅದು ಹಿಂಸೆಯ ಮಾತಾಗಿ ಕೇಳಿಸಬಹುದು ಅಂತಲೂ ಎಚ್ಚರಿಸಿದರು. ಮೂವತ್ತು ವರ್ಷಕ್ಕೂ ಹಿಂದೆ ಹೇಳಿದ ಮಾತು. ಹತ್ತು ಧರ್ಮದವರು ಒಂದೇ ಬೀದಿಯಲ್ಲಿ, ಒಂದೇ ನಲ್ಲಿ ನೀರು ಕುಡಿಯುವ ನಮ್ಮ ಊರುಗಳಲ್ಲಿ ಇದು ಇನ್ನೂ ಹೆಚ್ಚು ನೆನಪಿರಬೇಕು.

ಮೊದಲು ರಾಜಿ, ಆಮೇಲೆ ಪ್ರಾರ್ಥನೆ

ನಕ್ಷೆಯಿಲ್ಲದ ಪ್ರಾರ್ಥನೆ ಹೇಗಿರುತ್ತೆ ಅನ್ನೋದಕ್ಕೆ ನನಗೆ ಇಷ್ಟವಾದ ಉದಾಹರಣೆ ಜರ್ಮನಿಯದ್ದು. ಸಾಕ್ಸನಿಯಲ್ಲಿ ಹರ್ನ್‌ಹುಟ್ ಅಂತ ಒಂದು ಪುಟ್ಟ ಊರು. ಮೊರಾವಿಯಾದಿಂದ ಧರ್ಮದ ಕಾರಣಕ್ಕೆ ಓಡಿಬಂದ ನಿರಾಶ್ರಿತರು ಜಮೀನ್ದಾರ ಜಿನ್ಜೆಂಡೋರ್ಫ್‌ನ ಜಾಗದಲ್ಲಿ 1722ರಲ್ಲಿ ಕಟ್ಟಿಕೊಂಡದ್ದು. ಐದೇ ವರ್ಷದಲ್ಲಿ ಊರು ಒಡೆಯೋ ಹಂತಕ್ಕೆ ಬಂತು. ಬೇರೆ ಬೇರೆ ಹಿನ್ನೆಲೆಯ ಭಕ್ತರು, ಬೇರೆ ಬೇರೆ ಮತ, ಒಬ್ಬರನ್ನು ಕಂಡರೆ ಒಬ್ಬರಿಗೆ ಆಗಲ್ಲ.

1727ರ ಮೇ ತಿಂಗಳಲ್ಲಿ ಎಲ್ಲರೂ ಕೂತು, ಹೀಗೆ ಬಾಳೋಣ ಅಂತ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಆಗಸ್ಟ್ 13ರಂದು ಪಕ್ಕದ ಬರ್ಟೆಲ್ಸ್‌ಡೋರ್ಫ್ ಚರ್ಚಿನಲ್ಲಿ ಒಟ್ಟಿಗೆ ಪ್ರಭುಭೋಜನ ತಗೊಂಡಾಗ ಹಳೆ ಸಿಟ್ಟೆಲ್ಲ ಕರಗಿತು ಅಂತ ಅವರ ಚರಿತ್ರೆ ಹೇಳುತ್ತೆ. ಎರಡು ವಾರದ ಮೇಲೆ, ಆಗಸ್ಟ್ 27ರಂದು, 24 ಗಂಡಸರು ಮತ್ತು 24 ಹೆಂಗಸರು ದಿನದ 24 ಗಂಟೆಯನ್ನು ಹಂಚಿಕೊಂಡು, ಒಬ್ಬೊಬ್ಬರು ಒಂದೊಂದು ತಾಸು ಬೇರೆಯವರಿಗಾಗಿ ಪ್ರಾರ್ಥನೆ ಶುರು ಮಾಡಿದರು. ಅದು ನೂರು ವರ್ಷಕ್ಕೂ ಹೆಚ್ಚು ಕಾಲ ನಿಲ್ಲದೆ ನಡೀತು.

ಕ್ರಮ ಗಮನಿಸಿ. ಮೊದಲು ಪಕ್ಕದ ಮನೆಯವರ ಜೊತೆ ರಾಜಿ, ಆಮೇಲೆ ಜಗತ್ತಿಗಾಗಿ ಪ್ರಾರ್ಥನೆ. ಪ್ರಾರ್ಥನೆ ಅವರನ್ನು ಕೂತಲ್ಲೇ ಕೂರಿಸಲೂ ಇಲ್ಲ. 1732ರಲ್ಲಿ ಲಿಯೊನಾರ್ಡ್ ಡೋಬರ್, ಡೇವಿಡ್ ನಿಚ್‌ಮನ್ ಎಂಬ ಇಬ್ಬರು ಕೆರಿಬಿಯನ್ ಸಮುದ್ರದ ಸೇಂಟ್ ಥಾಮಸ್ ದ್ವೀಪಕ್ಕೆ, ಕಬ್ಬಿನ ತೋಟಗಳಲ್ಲಿ ದುಡೀತಿದ್ದ ಗುಲಾಮರ ನಡುವೆ ಇರೋದಕ್ಕೆ ಹೊರಟರು. ಒಬ್ಬ ಕುಂಬಾರ, ಒಬ್ಬ ಬಡಗಿ. ಜರ್ಮನ್ ಮಾತಾಡೋ ನಾಡುಗಳಲ್ಲಿ ಹಬ್ಬಿದ ಇಂಥದ್ದೇ ಭಕ್ತಿಯ ಹೊಳೆಯಿಂದ ಹುಟ್ಟಿದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂತು. ನಮ್ಮ ಅವ್ವನ ಬೆಳಗಿನ ಐದು ಗಂಟೆಗೂ ಅದಕ್ಕೂ ದೂರದ ನಂಟಿದೆ.

ಯಾಕೋಬ ಸತ್ತ, ಪೇತ್ರ ಬದುಕಿದ

ಈಗ ನೀವು ಕೇಳಬೇಕಾದ ಪ್ರಶ್ನೆ ಕೇಳ್ತೀರಿ. ಎಂಟು ವರ್ಷ ಪ್ರಾರ್ಥನೆ ಮಾಡಿದ್ದಕ್ಕೆ ನಿಮ್ಮ ತಮ್ಮ ಬಿಟ್ಟನಾ?

ಪೂರ್ತಿ ಇಲ್ಲ. ಹನ್ನೊಂದು ತಿಂಗಳು ಬಿಟ್ಟಿದ್ದ, ಮತ್ತೆ ಬಿದ್ದ. ಈಗ ನಾಲ್ಕು ತಿಂಗಳಿಂದ ಮುಟ್ಟಿಲ್ಲ. ನಾಳೆ ಗೊತ್ತಿಲ್ಲ.

ಪ್ರಾರ್ಥನೆ ಮಾಡಿದರೆ ಕೇಳಿದ್ದೆಲ್ಲ ಸಿಗುತ್ತೆ ಅನ್ನೋರು ಅಪೊಸ್ತಲರ ಕೃತ್ಯಗಳ 12ನೇ ಅಧ್ಯಾಯ ಓದಬೇಕು. ಹೆರೋದ ರಾಜ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ. ಹೌದು, ಸಮಾರ್ಯದ ಮೇಲೆ ಬೆಂಕಿ ಕರೆಯಲು ಹೊರಟಿದ್ದ ಅದೇ ಯಾಕೋಬ. ಆಮೇಲೆ ಪೇತ್ರನನ್ನು ಹಿಡಿಸಿ, ನಾಲ್ಕು ನಾಲ್ಕು ಜನರ ನಾಲ್ಕು ಪಹರೆ ಇಟ್ಟ. ಸಭೆಯವರು ಅವನಿಗಾಗಿ ಪ್ರಾರ್ಥನೆ ಮಾಡಿದರು. ಪೇತ್ರ ಸೆರೆಯಿಂದ ಹೊರಬಂದು ಅವರ ಬಾಗಿಲು ತಟ್ಟಿದ. ರೋದೆ ಅನ್ನೋ ಕೆಲಸದ ಹುಡುಗಿ ಅವನ ದನಿ ಗುರುತಿಸಿ, ಖುಷಿಗೆ ಬಾಗಿಲು ತೆಗೆಯೋದನ್ನೇ ಮರೆತು ಒಳಗೆ ಓಡಿದಳು. ಒಳಗಿದ್ದವರು ಏನಂದರು ಗೊತ್ತಾ? ನಿನಗೆ ತಲೆ ಕೆಟ್ಟಿದೆ ಅಂದರು! ಯಾರ ಬಿಡುಗಡೆಗೆ ಪ್ರಾರ್ಥನೆ ಮಾಡ್ತಿದ್ದರೋ ಅವನು ಬಾಗಿಲಲ್ಲಿ ನಿಂತರೆ ನಂಬೋಕೆ ತಯಾರಿಲ್ಲ. ಅವರೂ ನಮ್ಮ ಹಾಗೇ.

ಒಂದೇ ಅಧ್ಯಾಯದಲ್ಲಿ ಒಬ್ಬ ಸತ್ತ, ಒಬ್ಬ ಬದುಕಿದ. ಯಾಕೆ ಅಂತ ಬೈಬಲ್ ಹೇಳಲ್ಲ. ಯಾಕೋಬನಿಗೆ ನಂಬಿಕೆ ಕಡಿಮೆಯಿತ್ತು ಅಂತ ಯಾರೂ ಅಲ್ಲಿ ಬರೆದಿಲ್ಲ. ಹಾಗಿದ್ದ ಮೇಲೆ, ಆಸ್ಪತ್ರೆಯಲ್ಲಿ ಮಗು ಕಳಕೊಂಡ ತಾಯಿಗೆ “ನಿಮ್ಮ ಪ್ರಾರ್ಥನೆಯಲ್ಲಿ ಬಲ ಸಾಲದು” ಅಂತ ಹೇಳೋ ಅಧಿಕಾರ ನಮಗೆ ಯಾರು ಕೊಟ್ಟರು?

ಅವ್ವನ ಪ್ರಾರ್ಥನೆ ಈ ವರ್ಷಗಳಲ್ಲಿ ಬದಲಾಗಿದೆ. ಮೊದಲು “ಅವನ ಕುಡಿತಾ ಬಿಡಸು ಯಪ್ಪಾ” ಅಂತಿದ್ದಳು. ಈಗ “ಅವ ಬಿದ್ರೂ ಮನಿಗೆ ಬರೂವಂಗ ಮಾಡು” ಅಂತಾಳೆ. ಕೇಳಿದರೆ ಪೇತ್ರನ ಕಥೆ ಹೇಳ್ತಾಳೆ. ಸೈತಾನ ಕಾಳು ಜಾಲಿಸೋ ಹಾಗೆ ನಿಮ್ಮನ್ನು ಜಾಲಿಸಲು ಕೇಳ್ಕೊಂಡಿದ್ದಾನೆ ಅಂತ ಯೇಸು ಪೇತ್ರನಿಗೆ ಮೊದಲೇ ತಿಳಿಸಿದ್ದ, ಲೂಕ 22ನೇ ಅಧ್ಯಾಯ. ಅವನು ಮೂರು ಸಲ ತನ್ನನ್ನು ಅಲ್ಲಗಳೆಯುತ್ತಾನೆ ಅಂತಲೂ ಯೇಸುವಿಗೆ ಗೊತ್ತಿತ್ತು. ಆದರೂ ಅವನಿಗಾಗಿ ಬೇಡಿಕೊಂಡದ್ದು ನಂಬಿಕೆ ಕುಂದಿ ಹೋಗದಿರಲಿ ಅಂತ. ಪೇತ್ರ ಬಿದ್ದ. ಬಿದ್ದವನು ಎದ್ದು ವಾಪಸ್ ಬಂದ. ತಮ್ಮ ಹೋದ ಸಲ ಬಿದ್ದಾಗ, ಹಿಂದಿನ ಹಾಗೆ ವಾರಗಟ್ಟಲೆ ನಾಪತ್ತೆ ಆಗಲಿಲ್ಲ. ಮೂರನೇ ದಿನ ತಾನಾಗಿ ಫೋನ್ ಮಾಡಿ “ಅಕ್ಕಾ, ದವಾಖಾನಿಗೆ ಕರ್ಕೊಂಡು ಹೋಗು” ಅಂದ. ಇದು ದೊಡ್ಡ ಪವಾಡ ಅಂತ ಯಾರಿಗೂ ಸಾಕ್ಷಿ ಹೇಳಲ್ಲ. ನಮ್ಮ ಮನೆಗೆ ಅದು ದೊಡ್ಡದೇ.

ಶುರು ಮಾಡೋದಾದರೆ

ಒಂದು, ಹೆಸರು ಹಿಡಿದು ಪ್ರಾರ್ಥಿಸಿ. ‘ಎಲ್ಲರನ್ನೂ ಕಾಪಾಡು’ ಅನ್ನೋದು ಸುಲಭ. ಮೂರು ಹೆಸರು ಸಾಕು, ಅದರಲ್ಲಿ ಒಂದು ನಿಮಗೆ ಆಗದವರದ್ದಿರಲಿ.

ಎರಡು, ಗುಟ್ಟು ಕಾಯಿರಿ. ‘ಪ್ರೇಯರ್ ರಿಕ್ವೆಸ್ಟ್’ ಹೆಸರಿನಲ್ಲಿ ಯಾರದೋ ಗರ್ಭಪಾತ, ಯಾರದೋ ಡಿವೋರ್ಸ್ ವಾಟ್ಸ್‌ಆ್ಯಪ್‌ನಲ್ಲಿ ಸುತ್ತು ಹೊಡೆಯೋದನ್ನು ನೋಡಿದ್ದೀನಿ. ಅದು ಚಾಡಿ, ಕೊನೆಗೆ ಆಮೆನ್ ಸೇರಿಸಿದರೂ ಚಾಡಿಯೇ. ಅವರ ಒಪ್ಪಿಗೆ ಇಲ್ಲದೆ ಫಾರ್ವರ್ಡ್ ಬೇಡ.

ಮೂರು, ಎದ್ದ ಮೇಲೆ ಏನು ಮಾಡ್ತೀರಿ ನೋಡಿಕೊಳ್ಳಿ. ಮಾರ್ಕನ ಸುವಾರ್ತೆಯಲ್ಲಿ ನಾಲ್ಕು ಜನ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು, ಜನಜಂಗುಳಿಯಲ್ಲಿ ದಾರಿ ಸಿಗದೆ, ಮಾಳಿಗೆ ಬಿಚ್ಚಿ ಯೇಸುವಿನ ಮುಂದೆ ಇಳಿಸಿದರು. ಅವರ ಪ್ರಾರ್ಥನೆಯ ಮಾತು ಒಂದೂ ಅಲ್ಲಿ ಬರೆದಿಲ್ಲ. ಭುಜ ಕೊಟ್ಟದ್ದು ಮಾತ್ರ ಬರೆದಿದೆ. ಆಸ್ಪತ್ರೆಗೆ ಟಿಫಿನ್ ಕ್ಯಾರಿಯರ್, ರಾತ್ರಿ ಪಾಳಿಗೆ ಜೊತೆ, ಕಂಪ್ಲೇಂಟ್ ಬರೆಯೋದಕ್ಕೆ ಸಹಾಯ, ಇವೂ ಮಧ್ಯಸ್ಥಿಕೆಯೇ.

ನಾಲ್ಕು, ಪ್ರಾರ್ಥನೆ ಮುಗಿಸಿದಾಗ ಆ ಮನುಷ್ಯನ ಮೇಲೆ ನಿಮ್ಮ ಸಿಟ್ಟು ಹೆಚ್ಚಿದೆಯೋ ಇಳಿದಿದೆಯೋ ನೋಡಿ. ಹೆಚ್ಚಿದ್ದರೆ ಆ ಹೊತ್ತು ನೀವು ಯಾರ ಜೊತೆ ಹೋರಾಡ್ತಿದ್ದಿರಿ ಅಂತ ನಿಮ್ಮನ್ನೇ ಕೇಳಿಕೊಳ್ಳಿ.

ನೀವು ಕ್ರೈಸ್ತರಲ್ಲದಿದ್ದರೆ, ದೇವರನ್ನೇ ನಂಬದಿದ್ದರೆ, ಇದರಲ್ಲಿ ಎಷ್ಟು ನಿಮಗೆ ಹಿಡಿಸುತ್ತೋ ಅಷ್ಟು ಇಟ್ಟುಕೊಳ್ಳಿ. ಇನ್ನೊಬ್ಬರ ಕಷ್ಟವನ್ನು ದಿನಕ್ಕೆ ಹತ್ತು ನಿಮಿಷ ಹೆಸರು ಹಿಡಿದು ನೆನೆಯೋದಕ್ಕೆ ಯಾವ ಧರ್ಮದ ಅಡ್ಡಿಯೂ ಇಲ್ಲ. ನಂಬುವವರಾದರೆ ಇವತ್ತು ರಾತ್ರಿ ಫೋನ್ ಚಾರ್ಜಿಗೆ ಹಾಕಿದ ಮೇಲೆ ಒಂದು ಹೆಸರು ತಗೊಳ್ಳಿ. ಯಾರದ್ದು ಅಂತ ನನಗೆ ಹೇಳಬೇಡಿ, ಗ್ರೂಪಿಗೂ ಹಾಕಬೇಡಿ.

ಮುಂದಿನ ವಾರ ಸಿಗೋಣ.